ದಿನಾ ಹಾಕುವ ಒಡವೆ: ಕೆಡುವುದು ಮೈಮೇಲಲ್ಲ, ಡಬ್ಬಿಯೊಳಗೆ

ಪ್ರಶ್ನೆ: ಮದುವೆಯಾಗಿ ಎರಡು ವರ್ಷವಾಯಿತು. ಮನೆ ಉಡುಪಿಯಲ್ಲಿ, ಕೆಲಸ ಮಣಿಪಾಲದಲ್ಲಿ. ದಿನಾ ಹಾಕುವುದು ಕರಿಮಣಿ, ಒಂದು ಜೊತೆ ಓಲೆ, ಎರಡು ಬಳೆ, ಒಂದು ಉಂಗುರ. ಉಳಿದದ್ದನ್ನೆಲ್ಲ, ಅಂದರೆ ಬೆಳ್ಳಿಯ ಕಾಲುಚೈನು, ಮುತ್ತಿನ ಓಲೆ, ಅತ್ತೆ ಕೊಟ್ಟ ಹವಳದ ಸರ, ಕೆಂಪಿನ ನೆಕ್ಲೇಸು, ಒಂದು ಗ್ರಾಂ ಗೋಲ್ಡಿನ ಸೆಟ್ಟುಗಳನ್ನು ಒಂದೇ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೆರೆದು ನೋಡಿದರೆ ಕಾಲುಚೈನು ಕಪ್ಪಾಗಿದೆ, ಸೆಟ್ಟಿಗೆ ಹಸಿರು ಕಿಲುಬು ಬಂದಿದೆ, ಮುತ್ತು ಮಂಕಾಗಿದೆ. ಕತ್ತಿನಲ್ಲಿರುವ ಕರಿಮಣಿಯ ಚಿನ್ನವೂ ಸ್ವಲ್ಪ ಕೆಂಪು ಹೊಡೆಯುತ್ತಿದೆ. ಚಿನ್ನದಲ್ಲಿ ಮೋಸ ಆಗಿರಬಹುದಾ? ಟೂತ್‌ಪೇಸ್ಟ್ ಹಚ್ಚಿ ತಿಕ್ಕಬಹುದಾ? ಇವನ್ನೆಲ್ಲ ಹೇಗೆ ಇಡಬೇಕು? ಹವಳದ ಬಣ್ಣ ಪುನಃ ಬರುತ್ತದಾ?

ಉತ್ತರ: ಮೊದಲು ಮೋಸದ ವಿಷಯ ಮುಗಿಸೋಣ. ಅದು ತಲೆಯಲ್ಲಿ ಇದ್ದರೆ ಉಳಿದದ್ದು ಯಾವುದೂ ಕಿವಿಗೆ ಬೀಳುವುದಿಲ್ಲ.

ನಿಮ್ಮ ಕರಿಮಣಿಯ ಚಿನ್ನ 22 ಕ್ಯಾರೆಟ್ಟಿನದು ಎಂದುಕೊಳ್ಳಿ. ಹಾಗಾದರೆ ನೂರರಲ್ಲಿ 91.6 ಪಾಲು ಚಿನ್ನ. ಉಳಿದ ಎಂಟು ಚಿಲ್ಲರೆ ಪಾಲು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಬೆವರಿಗಾಗಲಿ ಮಳೆಗಾಗಲಿ ಚಿನ್ನ ಜಗ್ಗುವುದಿಲ್ಲ. ತಾಮ್ರ ಜಗ್ಗುತ್ತದೆ. ಬೆವರಿನ ಉಪ್ಪು ತಾಗಿ ಮೇಲಿನ ತಾಮ್ರ ತೆಳುವಾಗಿ ಬಣ್ಣ ಬದಲಿಸುತ್ತದೆ, ನಮ್ಮ ಕಣ್ಣಿಗೆ ಅದು ಕೆಂಪಾಗಿ ಕಾಣುತ್ತದೆ. ಬೆಸುಗೆ ಹಾಕಿದ ಜಾಗದಲ್ಲಿ ಮೊದಲು ಕಾಣುತ್ತದೆ. ತೊಳೆದು ಒರೆಸಿದರೆ ಹೋಗುತ್ತದೆ. ಹೀಗೆ ಕೆಂಪಾಯಿತು ಎಂದ ಮಾತ್ರಕ್ಕೆ ಚಿನ್ನ ಕಳಪೆ ಎಂದು ಹೇಳಲಿಕ್ಕೆ ಬರುವುದಿಲ್ಲ.

ಆದರೂ ಸಂಶಯ ಉಂಟು ಅಂದರೆ ಭೂತಗನ್ನಡಿ ಹಿಡಿದು ಹಾಲ್‌ಮಾರ್ಕ್ ನೋಡಿ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು, 22K916 ಎಂಬ ಶುದ್ಧತೆಯ ಗುರುತು, ಒಂದೊಂದು ಒಡವೆಗೂ ಬೇರೆಯೇ ಇರುವ, ಅಕ್ಷರ ಅಂಕಿ ಸೇರಿದ ಆರು ಗುರುತುಗಳ ಎಚ್‌ಯುಐಡಿ, ಈ ಮೂರೂ ಇರಬೇಕು. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಆ ಆರು ಗುರುತು ಹಾಕಿದರೆ ಯಾವ ಒಡವೆ, ಎಷ್ಟು ಶುದ್ಧ ಎಂದು ಬರುತ್ತದೆ. 2023ರ ಏಪ್ರಿಲ್ 1ರಿಂದ ಅಂಗಡಿಯವರು ಎಚ್‌ಯುಐಡಿ ಇಲ್ಲದೆ ಹಾಲ್‌ಮಾರ್ಕಿನ ಚಿನ್ನ ಮಾರುವಂತಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಮಾತ್ರ ಈ ಕಡ್ಡಾಯ ಇಲ್ಲ. ಹಾಗಾಗಿ ಮೂಗುತಿಯಲ್ಲಿ ಗುರುತು ಕಾಣದಿದ್ದರೆ ಗಾಬರಿ ಬೇಡ.

ಇನ್ನು ಡಬ್ಬಿಯ ಕಥೆ. ನಿಮ್ಮ ಪತ್ರದಲ್ಲಿ ಒಂದು ವಿಷಯ ನೀವೇ ಗಮನಿಸಿಲ್ಲ. ದಿನಾ ಬೆವರು, ಸೋಪು, ನೀರು ಕಾಣುವ ಓಲೆ, ಬಳೆ, ಉಂಗುರದ ಬಗ್ಗೆ ನಿಮ್ಮ ದೂರೇ ಇಲ್ಲ. ಹಾಳಾದದ್ದೆಲ್ಲ ಹಾಕದೆ ಜೋಪಾನವಾಗಿ ಇಟ್ಟವು. ಮೂವತ್ತು ವರ್ಷದಿಂದ ಮಂಗಳೂರಿನ ರಥಬೀದಿ ಹತ್ತಿರ ರಿಪೇರಿ ಮೇಜಿನ ಮುಂದೆ ಕೂತವನು ನಾನು. ಮಳೆಗಾಲ ಮುಗಿದು ಮದುವೆಗಳು ಶುರುವಾಗುವಾಗ ನನ್ನ ಮೇಜಿಗೆ ಬರುವ ಒಡವೆಗಳಲ್ಲಿ ಜಾಸ್ತಿ ಪಾಲು ಇಂಥವೇ. ನಮ್ಮ ಕಡೆ ಒಡವೆ ಮೈಮೇಲೆ ಸವೆಯುತ್ತದೆ, ನಿಜ. ಆದರೆ ಕೆಡುವುದು ಡಬ್ಬಿಯಲ್ಲಿ.

ಕಾರಣ ನಮ್ಮ ಗಾಳಿ. ಇದೇ ಡಬ್ಬಿ ವಿಜಯಪುರದಲ್ಲಿ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ. ಇಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಮಳೆ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವ ಶೇಕಡಾ 90ರ ಆಸುಪಾಸಿನಲ್ಲೇ ಇರುತ್ತದೆ. ಬೆಲ್ಟು, ಚಪ್ಪಲಿಗೆ ಬೂಷ್ಟು ಬರುವ ಕಾಲ ಅದು. ಕಪಾಟಿನೊಳಗೆ ಬೇರೆ ಹವೆ ಇರುತ್ತದೆ ಎಂದುಕೊಳ್ಳಬೇಡಿ. ಅದರ ಮೇಲೆ ಕಡಲ ಉಪ್ಪು. ಉಪ್ಪು ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೋಡಿದ್ದೀರಿ, ಅಲ್ವಾ? ಒಂದು ಸಾರಿ ಹಾಕಿ, ಬೆವರು ಒರೆಸದೆ ಡಬ್ಬಿಗೆ ಸೇರಿಸಿದ ಸರದ ಮೇಲೆ ನಡೆಯುವುದೂ ಅದೇ. ಬೆವರಿನ ಉಪ್ಪು ತೇವ ಎಳೆಯುತ್ತದೆ, ತೇವ ಲೋಹ ತಿನ್ನುತ್ತದೆ. ನಾಲ್ಕು ತಿಂಗಳು, ಹಗಲೂ ರಾತ್ರಿ.

ನಿಮ್ಮ ಡಬ್ಬಿಯಲ್ಲಿ ಇನ್ನೊಂದು ಎಡವಟ್ಟೂ ಆಗಿದೆ. ತೇವದಲ್ಲಿ ಎರಡು ಬೇರೆ ಲೋಹ ತಾಗಿಕೊಂಡಿದ್ದರೆ ಅವುಗಳಲ್ಲಿ ಒಂದು ಬೇಗ ಸವೆಯುತ್ತದೆ. ಬೆಳ್ಳಿಯ ಪಕ್ಕದಲ್ಲಿ ಹಿತ್ತಾಳೆ ಇದ್ದರೆ ಪೆಟ್ಟು ಹಿತ್ತಾಳೆಗೆ. ನಿಮ್ಮ ಒಂದು ಗ್ರಾಂ ಗೋಲ್ಡಿನ ಸೆಟ್ಟು ಒಳಗೆ ಹಿತ್ತಾಳೆ ಅಥವಾ ತಾಮ್ರವೇ.

ಈಗ ಒಂದೊಂದಾಗಿ ನೋಡೋಣ. ಚಿನ್ನದಿಂದ ಶುರು ಮಾಡುವ.

ಟೂತ್‌ಪೇಸ್ಟ್ ಬೇಡ. ಅದರಲ್ಲಿ ಹಲ್ಲಿನ ಕೊಳೆ ಉಜ್ಜಲಿಕ್ಕೆ ಸಿಲಿಕಾ ಅಥವಾ ಸುಣ್ಣದ ಕಲ್ಲಿನ ನಯವಾದ ಪುಡಿ ಇರುತ್ತದೆ. ಹಲ್ಲಿನ ಮೇಲಿನ ಹೊದಿಕೆ ಗಟ್ಟಿ, ತಡೆದುಕೊಳ್ಳುತ್ತದೆ. ಚಿನ್ನ ಮೆತ್ತಗೆ. ವಸ್ತುಗಳ ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಶುದ್ಧ ಚಿನ್ನ 2.5ರ ಹತ್ತಿರ, ನಮ್ಮ ಉಗುರೂ ಅಷ್ಟೇ. ಪೇಸ್ಟ್ ಹಾಕಿ ಉಜ್ಜಿದ ದಿನ ಹೊಳೆಯುತ್ತದೆ, ಯಾಕೆಂದರೆ ಮೇಲಿನ ಕೊಳೆಯೊಟ್ಟಿಗೆ ಸ್ವಲ್ಪ ಚಿನ್ನವೂ ಹೋಗಿರುತ್ತದೆ. ಎರಡು ತಿಂಗಳಲ್ಲಿ ಕೂದಲೆಳೆಯಂಥ ಗೀರುಗಳು ಕಾಣಲಿಕ್ಕೆ ಶುರು. ಆಮೇಲೆ ಆ ಗೀರುಗಳಲ್ಲೇ ಕೊಳೆ ಕೂರುತ್ತದೆ.

ಅದರ ಬದಲು ಒಂದು ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಳ್ಳಿ. ಪಾತ್ರೆ ತೊಳೆಯುವ ದ್ರವ ಮೂರು ನಾಲ್ಕು ತೊಟ್ಟು ಹಾಕಿ. ಓಲೆ, ಬಳೆ, ಉಂಗುರವನ್ನು ಹತ್ತು ಹದಿನೈದು ನಿಮಿಷ ಅದರಲ್ಲಿ ಬಿಡಿ. ಆಮೇಲೆ ಮಕ್ಕಳ ಮೆತ್ತನೆ ಬ್ರಷ್ಷಿನಲ್ಲಿ ಹಿಂಬದಿ, ಕೊಂಡಿ, ಕಲ್ಲಿನ ಕೆಳಗಿನ ಜಾಗ ತಿಕ್ಕಿ. ಮುಂಬದಿಯನ್ನು ತಿಕ್ಕುವ ಅಗತ್ಯವೇ ಹೆಚ್ಚು ಸಾರಿ ಇರುವುದಿಲ್ಲ. ತೊಳೆಯುವುದು ಇನ್ನೊಂದು ಬೋಗುಣಿಯ ಒಳ್ಳೆ ನೀರಿನಲ್ಲಿ. ಸಿಂಕಿನಲ್ಲಿ ನಳ್ಳಿ ಕೆಳಗೆ ಹಿಡಿಯಬೇಡಿ. ಓಲೆಯ ತಿರುಪು ಕೊಳವೆಯೊಳಗೆ ಹೋಗಿ ಪ್ಲಂಬರನ್ನು ಕರೆದವರ ಲೆಕ್ಕ ನಾನು ಇಟ್ಟಿಲ್ಲ, ಇಟ್ಟಿದ್ದರೆ ಒಂದು ಪುಸ್ತಕ ಆಗುತ್ತಿತ್ತು.

ಅಂಟುವಾಳಕಾಯಿ ಇದ್ದರೆ ಸೋಪಿಗಿಂತ ಅದೇ ಚಂದ. ನಮ್ಮ ಮೇಜಿನ ಮೇಲೆ ಇವತ್ತಿಗೂ ಅದರ ನೀರು ಇರುತ್ತದೆ. ನಾಲ್ಕು ಕಾಯಿಯ ಸಿಪ್ಪೆ ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿ ಸೋಸಿದರೆ ಆಯಿತು. ಎಣ್ಣೆ ಜಿಡ್ಡು ಚೆನ್ನಾಗಿ ಬಿಡುತ್ತದೆ. ಆದರೆ ಬರೀ ಚಿನ್ನಕ್ಕೆ ಮಾತ್ರ. ಮುತ್ತು, ಹವಳಕ್ಕೆ ಖಂಡಿತ ಬೇಡ. ಇದನ್ನು ನಾನು ಹೇಗೆ ಕಲಿತೆ ಎಂದು ಕೊನೆಗೆ ಹೇಳುತ್ತೇನೆ.

ನಮ್ಮಲ್ಲಿ ತೆಂಗಿನೆಣ್ಣೆ ಹಚ್ಚದ ತಲೆ ಕಡಿಮೆ. ಎಣ್ಣೆ ಚಿನ್ನಕ್ಕೆ ಕೆಡುಕು ಮಾಡುವುದಿಲ್ಲ. ಆದರೆ ಕಲ್ಲಿನ ಹಿಂದೆ ಕೂತು ಧೂಳು ಹಿಡಿಯುತ್ತದೆ, ವಜ್ರದ ಓಲೆಯೂ ಗಾಜಿನ ಹಾಗೆ ಕಾಣುತ್ತದೆ. ವಜ್ರದಷ್ಟು ಜಿಡ್ಡನ್ನು ಹತ್ತಿಸಿಕೊಳ್ಳುವ ಕಲ್ಲು ಇನ್ನೊಂದಿಲ್ಲ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಯಲ್ಲಿ ಜಿಡ್ಡು ಬಳಿದ ಮೇಜಿನ ಮೇಲೆ ಅದಿರು, ನೀರು ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಇದೇ ಗುಣ ನಂಬಿ. ಹಾಗಾಗಿ ಎಣ್ಣೆ ಸ್ನಾನದ ಮರುದಿನ ಓಲೆ ತೊಳೆಯುವ ಅಭ್ಯಾಸ ಇಟ್ಟುಕೊಳ್ಳಿ.

ಸರ ಹಾಕಿದ ಜಾಗದಲ್ಲಿ ಕತ್ತು ಕಪ್ಪಾಗುತ್ತದೆ ಎಂದು ಕೆಲವರು ಚಿನ್ನವನ್ನೇ ಬೈಯುತ್ತಾರೆ. ಎಷ್ಟೋ ಸಾರಿ ತಪ್ಪು ಪೌಡರಿನದ್ದು. ಮುಖದ ಪೌಡರು, ಸನ್‌ಸ್ಕ್ರೀನ್‌ಗಳಲ್ಲಿ ಇರುವ ಜಿಂಕ್ ಆಕ್ಸೈಡ್‌ನಂಥ ಗಟ್ಟಿ ಪುಡಿ ಚಿನ್ನವನ್ನು ಸ್ವಲ್ಪ ಸ್ವಲ್ಪ ಉಜ್ಜುತ್ತದೆ. ಉಜ್ಜಿದಾಗ ಬರುವ ಚಿನ್ನದ ನುಣುಪು ಧೂಳು ಹಳದಿ ಕಾಣುವುದಿಲ್ಲ, ಕಪ್ಪೇ ಕಾಣುತ್ತದೆ. ಪೌಡರು, ಸೆಂಟು, ಕ್ರೀಮು ಎಲ್ಲ ಹಚ್ಚಿ ಆರಿದ ಮೇಲೆ ಸರ ಹಾಕಿ. ತೆಗೆಯುವಾಗ ಸರ ಮೊದಲು.

ಚಿನ್ನಕ್ಕೆ ನಿಜವಾಗಿ ಹೆದರಿಕೆ ಇರುವುದು ಎರಡರದ್ದು. ಒಂದು ಪಾದರಸ. ಹಳೆ ಥರ್ಮಾಮೀಟರ್ ಒಡೆದಾಗ ಉಂಗುರದ ಕೈಯಲ್ಲಿ ಮುಟ್ಟಿದರೆ ಚಿನ್ನ ಕ್ಷಣದಲ್ಲಿ ಬೆಳ್ಳಗಾಗುತ್ತದೆ. ತೊಳೆದರೆ ಹೋಗುವುದಿಲ್ಲ. ಮನೆಯಲ್ಲಿ ಕಾಯಿಸಿ ತೆಗೆಯಲಿಕ್ಕೆ ಹೋಗಬೇಡಿ, ಆ ಹೊಗೆ ವಿಷ. ಇನ್ನೊಂದು ಕ್ಲೋರಿನ್. ಬಾತ್‌ರೂಮ್ ತೊಳೆಯುವ ಬ್ಲೀಚು ಬೆಸುಗೆಯ ಜಾಗವನ್ನು, ಅದರಲ್ಲೂ 18 ಕ್ಯಾರೆಟ್ಟಿನ ಬಿಳಿ ಚಿನ್ನವನ್ನು ಒಳಗೊಳಗೇ ಬಿರುಕು ಬಿಡಿಸುತ್ತದೆ. ವಜ್ರ ಹಿಡಿದ ಹಲ್ಲು ಒಂದು ದಿನ ಸುಮ್ನೆ ಮುರಿದು ಬೀಳುತ್ತದೆ. ಈಜುಕೊಳಕ್ಕೆ ಹೋಗುವವರು ಉಂಗುರ ಮನೆಯಲ್ಲಿ ಬಿಟ್ಟು ಹೋಗಿ. ನಳ್ಳಿ ನೀರಿನಲ್ಲಿರುವ ಕ್ಲೋರಿನ್ ಬಗ್ಗೆ ತಲೆಬಿಸಿ ಬೇಡ, ಅದು ಲೆಕ್ಕಕ್ಕಿಲ್ಲ. ಮಲ್ಪೆ, ಪಣಂಬೂರಿನ ಕಡಲಿಗೆ ಇಳಿಯುವಾಗಲೂ ತೆಗೆದಿಡಿ. ಅಲ್ಲಿ ಭಯ ಉಪ್ಪಿನದ್ದಲ್ಲ. ನೀರಲ್ಲಿ ಬೆರಳು ತಣ್ಣಗಾಗಿ ಸಣ್ಣಗಾಗುತ್ತದೆ, ತೆರೆ ಎಳೆಯುತ್ತದೆ, ಉಂಗುರ ಅರಬ್ಬಿ ಸಮುದ್ರದ ಪಾಲು.

ಬಳೆಗಳ ಬಗ್ಗೆ ಒಂದು ಮಾತು. ಚಿನ್ನದ ಬಳೆಯ ನಡುವೆ ಗಾಜಿನ ಬಳೆ ಹಾಕಿದರೆ ನೋಡಲಿಕ್ಕೆ ಚಂದ. ಆದರೆ ಗಾಜು ಮೋಸ್ ಅಳತೆಯಲ್ಲಿ 5.5ರ ಆಸುಪಾಸು, ಚಿನ್ನಕ್ಕಿಂತ ಎಷ್ಟೋ ಗಟ್ಟಿ. ಮದುವೆ, ಸೀಮಂತದ ದಿನಕ್ಕೆ ಹಾಕಿ, ದಿನಾ ಬೇಡ. ವರ್ಷಗಟ್ಟಲೆ ಹೀಗೆ ಹಾಕಿದ ಬಳೆಯ ಅಂಚು ಗರಗಸದ ಹಾಗೆ ಆಗಿರುವುದನ್ನು ನೋಡಿದ್ದೇನೆ.

ಕರಿಮಣಿಯನ್ನು ಕತ್ತಿನಿಂದ ತೆಗೆಯುವುದಿಲ್ಲ ಎನ್ನುವ ಮನೆಗಳು ಉಂಟು. ತೆಗೆಯಲೇಬೇಕು ಎಂದು ನಾನು ಹೇಳುವುದಿಲ್ಲ. ಸ್ನಾನ ಮಾಡಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಸರವನ್ನೂ ಒರೆಸಿ, ಅಷ್ಟು ಸಾಕು. ನೋಡಬೇಕಾದ್ದು ಬೇರೆ. ಮಣಿಗೂ ಮಣಿಗೂ ನಡುವಿನ ಚಿನ್ನದ ತಂತಿಯ ಸುರುಳಿ ಒಂದಕ್ಕೊಂದು ಉಜ್ಜಿ ತೆಳುವಾಗುತ್ತದೆ. ಕರಿಮಣಿ ಹೆಚ್ಚಾಗಿ ಗಾಜೇ, ಅದಕ್ಕೆ ಏನೂ ಆಗುವುದಿಲ್ಲ. ತುಂಡಾಗುವುದು ತಂತಿ. ಬೆಳಕಿಗೆ ಹಿಡಿದು, ಕೊಂಡಿಯ ಹತ್ತಿರದ ಎರಡು ಮೂರು ಸುರುಳಿ ಉಳಿದವುಗಳಿಗಿಂತ ತೆಳುವಾಗಿದೆಯಾ ನೋಡಿ. ಆಗಿದ್ದರೆ ಆಚಾರಿಗೆ ಕೊಡಿ, ಬಸ್ಸಿನಲ್ಲಿ ತುಂಡಾಗುವ ತನಕ ಕಾಯಬೇಡಿ. ದಾರದಲ್ಲಿ ಪೋಣಿಸಿದ್ದಾದರೆ ವರ್ಷಕ್ಕೊಮ್ಮೆ ದಾರ ಬದಲಿಸಿ. ನಮ್ಮ ಬೆವರಿನಲ್ಲಿ ಅದಕ್ಕೆ ಹೆಚ್ಚು ಆಯುಷ್ಯ ಇಲ್ಲ.

ಬೆಳ್ಳಿಗೆ ಬರೋಣ. ಬೆಳ್ಳಿ ಕಪ್ಪಾದರೆ 'ಮೈಯಲ್ಲಿ ಉಷ್ಣ ಜಾಸ್ತಿ' ಎಂದು ಹಿರಿಯರು ಹೇಳುವುದುಂಟು. ಕಪಾಟಿನಲ್ಲಿದ್ದ ನಿಮ್ಮ ಕಾಲುಚೈನಿಗೆ ಯಾವ ಮೈ, ಯಾವ ಉಷ್ಣ? ಬೆಳ್ಳಿಯನ್ನು ಕಪ್ಪು ಮಾಡುವುದು ಗಂಧಕ. ಗಾಳಿಯಲ್ಲಿ ಮೂಗಿಗೂ ಗೊತ್ತಾಗದಷ್ಟು ಗಂಧಕದ ಅನಿಲ ಇರುತ್ತದೆ. ಚರಂಡಿಯಿಂದ, ಹಿನ್ನೀರಿನ ಕೆಸರಿನಿಂದ, ಮೊಟ್ಟೆ ಈರುಳ್ಳಿ ಬೇಯಿಸಿದಾಗ, ಪಟಾಕಿಯಿಂದ ಬರುತ್ತದೆ. ರಬ್ಬರು, ಉಣ್ಣೆಯಿಂದಲೂ ಬರುತ್ತದೆ. ಅದು ಬೆಳ್ಳಿಗೆ ತಾಗಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಕಪ್ಪು. ತೇವ ಇದ್ದರೆ ಬೇಗ ಆಗುತ್ತದೆ. ಕಾಲುಚೈನನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ ಇಡುವವರಿದ್ದಾರೆ. ಬಿಚ್ಚಿ ನೋಡಿ, ಬ್ಯಾಂಡ್ ಇದ್ದ ಜಾಗದಲ್ಲಿ ಕಪ್ಪು ಗೆರೆ ಸರಿಯಾಗಿ ಮೂಡಿರುತ್ತದೆ.

ಇದಕ್ಕೆ ಮನೆಯಲ್ಲೇ ಒಂದು ಮದ್ದು ಉಂಟು, ನೋಡಲಿಕ್ಕೂ ಮಜಾ. ಗಾಜಿನ ಅಥವಾ ಪಿಂಗಾಣಿ ಬೋಗುಣಿಯೊಳಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಅರ್ಧ ಲೀಟರ್ ಚೆನ್ನಾಗಿ ಬಿಸಿಯಾದ ನೀರು, ಒಂದು ದೊಡ್ಡ ಚಮಚ ಅಡುಗೆ ಸೋಡಾ. ಕಾಲುಚೈನು ಫಾಯಿಲಿಗೆ ತಾಗುವ ಹಾಗೆ ಮುಳುಗಿಸಿ. ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಬಂದರೆ ಕೆಲಸ ನಡೆಯುತ್ತಿದೆ ಎಂದು ಲೆಕ್ಕ. ಕಿಟಕಿ ತೆರೆದಿಡಿ. ಬೆಳ್ಳಿ ಹಿಡಿದುಕೊಂಡ ಗಂಧಕ ಬಿಟ್ಟುಹೋಗಿ ಬೆಳ್ಳಿ ಪುನಃ ಬೆಳ್ಳಿಯೇ ಆಗುತ್ತದೆ. ಉಜ್ಜಿ ತೆಗೆದರೆ ಆ ಬೆಳ್ಳಿ ನಷ್ಟ, ಇಲ್ಲಿ ನಷ್ಟ ಇಲ್ಲ. ಐದು ನಿಮಿಷದಲ್ಲಿ ತೆಗೆದು ತೊಳೆಯಿರಿ. ಗೆಜ್ಜೆ ಇದ್ದರೆ ಒಳಗೆ ನೀರು ನಿಂತಿರುತ್ತದೆ, ಚೆನ್ನಾಗಿ ಕೊಡವಿ ಫ್ಯಾನಿನ ಕೆಳಗೆ ಇಡೀ ದಿನ ಬಿಡಿ. ಕಲ್ಲು, ಮುತ್ತು, ಬಣ್ಣದ ಮೀನಾ ಕೆಲಸ ಇರುವ ಬೆಳ್ಳಿಗೆ ಇದು ಬೇಡ. ಆಕ್ಸಿಡೈಸ್ಡ್ ಬೆಳ್ಳಿಗಂತೂ ಬೇಡವೇ ಬೇಡ, ದುಡ್ಡು ಕೊಟ್ಟು ಮಾಡಿಸಿದ ಕಪ್ಪೂ ಹೋಗಿಬಿಡುತ್ತದೆ.

ವಿಭೂತಿ ಹಾಕಿ ತಿಕ್ಕುವುದು ದೀಪ, ತಟ್ಟೆಗೆ ಸರಿ. ಸಪೂರ ಕಾಲುಚೈನಿಗೆ ಅಷ್ಟು ಒಳ್ಳೆಯದಲ್ಲ, ಪುಡಿ ಸಂದಿಯಲ್ಲಿ ಸಿಕ್ಕಿಕೊಂಡು ತೇವ ಹಿಡಿಯುತ್ತದೆ.

ಒಂದು ಗ್ರಾಂ ಗೋಲ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಸರು ಕೇಳಿ ಮರುಳಾಗಬೇಡಿ. ಅದು ಹಿತ್ತಾಳೆ, ತಾಮ್ರದ ಮೇಲಿನ ತೆಳು ಚಿನ್ನದ ಲೇಪ. ಲೇಪ ಹೋದ ಜಾಗದಲ್ಲಿ ಕಿಲುಬು ಬರುತ್ತದೆ. ಹುಣಸೆಹುಳಿ ಹಾಕಿದರೆ ಕಿಲುಬೂ ಹೋಗುತ್ತದೆ, ಉಳಿದ ಲೇಪವೂ ಹೋಗುತ್ತದೆ. ಹಾಕಿ ತೆಗೆದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು, ಗಾಳಿ ಹೋಗದ ಜಿಪ್ ಕವರಿನಲ್ಲಿ ಹಾಕಿ. ಮುಡಿದ ಮಲ್ಲಿಗೆಯ ಒದ್ದೆ ಚೆಂಡು ಜುಮುಕಿಗೆ ತಾಗಿಕೊಂಡೇ ಇದ್ದರೂ ಲೇಪಕ್ಕೆ ತೊಂದರೆ. ನಿಮ್ಮ ಕಿಲುಬು ಬಂದ ಸೆಟ್ಟನ್ನು ಪುನಃ ಲೇಪ ಹಾಕಿಸಬಹುದು. ಆದರೆ ಖರ್ಚು ಕೇಳಿ ನೋಡಿ, ಹೊಸದೇ ಸಸ್ತಾ ಆಗುವುದೂ ಉಂಟು. ಓಲೆ ಹಾಕಿ ಕಿವಿ ತುರಿಸಿದರೆ ಅದು ನಿಕ್ಕಲ್ಲಿನ ಅಲರ್ಜಿ ಇರಬಹುದು, ತೊಳೆದು ಸರಿಯಾಗುವಂಥದ್ದಲ್ಲ. ಅಂಥದನ್ನು ಬಿಟ್ಟುಬಿಡಿ.

ಕೆಂಪಿನ ನೆಕ್ಲೇಸಿಗೆ ಮಾತ್ರ ನೀರು ತೋರಿಸಬೇಡಿ. ಹಳೆ ಕ್ರಮದ ಕೆಂಪಿನ ಕೆಲಸದಲ್ಲಿ ಕಲ್ಲಿನ ಹಿಂಬದಿ ಮುಚ್ಚಿರುತ್ತದೆ. ಒಳಗೆ ಅರಗು, ಅದರ ಮೇಲೆ ಹೊಳಪಿನ ತಗಡು, ಅದರ ಮೇಲೆ ಕಲ್ಲು. ಬೆಳಕು ತಗಡಿಗೆ ಬಡಿದು ವಾಪಸ್ ಬರುವುದರಿಂದ ಆ ಕೆಂಪು. ನೀರು ಒಳಗೆ ಹೋದರೆ ತಗಡು ಕಪ್ಪಾಗುತ್ತದೆ, ಕಲ್ಲು ಸತ್ತ ಹಾಗೆ ಕಾಣುತ್ತದೆ. ಬಿಸಿನೀರಾದರೆ ಅರಗೇ ಮೆತ್ತಗಾಗಿ ಕಲ್ಲು ಜಾರುತ್ತದೆ. ಒಣ ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಹಿಂಬದಿಯ ಬೆವರನ್ನು ಹಿಂಡಿ ತೆಗೆದ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಅಂಗಡಿಯಲ್ಲಿ 'ಮೆಷಿನ್ನಿಗೆ ಹಾಕಿ ಕೊಡುತ್ತೇವೆ' ಎಂದು ಅಲ್ಟ್ರಾಸೋನಿಕ್ ಯಂತ್ರ ತೋರಿಸಿದರೆ ಕೆಂಪು, ಮುತ್ತು, ಹವಳ, ಪಚ್ಚೆ ಈ ನಾಲ್ಕನ್ನು ಕೊಡಬೇಡಿ. ಪಚ್ಚೆಯ ಸಣ್ಣ ಬಿರುಕುಗಳಿಗೆ ಎಣ್ಣೆ ತುಂಬಿಸಿರುತ್ತಾರೆ, ಯಂತ್ರದಲ್ಲಿ ಅದು ಹೊರಗೆ ಬಂದು ಬಿರುಕು ಕಾಣುತ್ತದೆ.

ಮುತ್ತು ಎಂದರೆ ಏನು? ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರಲ್ಲ, ಮುತ್ತೂ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಪದರ ಪದರವಾಗಿ ಕೂತು ಹೊಳೆಯುತ್ತದೆ ಅಷ್ಟೇ. ಹುಳಿ ಕಂಡರೆ ಕರಗುತ್ತದೆ. ಲಿಂಬೆ, ವಿನೆಗರು ಮಾತ್ರವಲ್ಲ, ಬೆವರೂ ಸ್ವಲ್ಪ ಹುಳಿಯೇ. ನಿಮ್ಮ ಓಲೆಯ ಮಂಕು ಮೇಲಿನ ಜಿಡ್ಡು ಮಾತ್ರ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೊಳಪು ಬರುತ್ತದೆ. ಪದರವೇ ತಿಂದುಹೋಗಿದ್ದರೆ ಬರುವುದಿಲ್ಲ, ಯಾರೂ ತರಿಸಲಿಕ್ಕೆ ಆಗುವುದಿಲ್ಲ. ಸಿಪ್ಪೆ ಏಳುತ್ತಿದ್ದರೆ ಅದು ಪ್ಲಾಸ್ಟಿಕ್ ಅಥವಾ ಗಾಜಿನ ಮೇಲೆ ಬಣ್ಣ ಬಳಿದ ಮುತ್ತು ಇರಬಹುದು.

ಇನ್ನು ಇಡುವ ಕ್ರಮ. ಮೊದಲು ಕಪಾಟಿನ ಜಾಗ ನೋಡಿ. ಮಳೆ ಬಡಿಯುವ ಹೊರಗೋಡೆಗೆ ತಾಗಿದ್ದರೆ ಒಳಗೋಡೆಗೆ ಸರಿಸಿ. ನಮ್ಮ ಕೆಂಪುಕಲ್ಲಿನ ಗೋಡೆ ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ. ಸ್ಟೀಲ್ ಡಬ್ಬಿ ತಪ್ಪಲ್ಲ, ಎಲ್ಲವನ್ನೂ ಒಟ್ಟಿಗೆ ಹಾಕಿದ್ದು ತಪ್ಪು. ಒಂದೊಂದು ಒಡವೆಗೆ ಒಂದೊಂದು ಸಣ್ಣ ಜಿಪ್ ಕವರು ಮಾಡಿ. ಹಾಕುವ ಮೊದಲು ಒಡವೆ ನಿಜವಾಗಿ ಒಣಗಿರಬೇಕು. ಜುಲೈಯಲ್ಲಿ ಬಟ್ಟೆಯಲ್ಲಿ ಒರೆಸಿದರೆ ಸಾಲದು. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಕೊಡಿ, ಇಲ್ಲವೇ ಫ್ಯಾನಿನ ಕೆಳಗೆ ರಾತ್ರಿ ಇಡಿ. ಒದ್ದೆಯಾಗಿ ಕವರಿಗೆ ಹಾಕಿದರೆ ತೇವವನ್ನು ಒಳಗೆ ಕೂಡಿಹಾಕಿದ ಹಾಗೆ, ಹಾಕದೆ ಇದ್ದದ್ದಕ್ಕಿಂತ ಕಡೆ. ಸರದ ಕೊಂಡಿ ಹಾಕಿ, ಒಂದು ಅಂಚು ಕವರಿನಿಂದ ಸ್ವಲ್ಪ ಹೊರಗೆ ಇಟ್ಟು ಜಿಪ್ ಎಳೆದರೆ ಗಂಟು ಬೀಳುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನಮ್ಮ ಊರಿಗೆ ಆಗದು, ಆ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಗಟ್ಟಿ ಕಾಗದದ ತುಂಡಿಗೆ ಸುತ್ತಿ ಇಡಿ.

ಡಬ್ಬಿಗೆ ಎರಡು ಮೂರು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಅದೇ. ಆದರೆ ಅದು ಎಷ್ಟೋ ದಿನದಿಂದ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿರುತ್ತದೆ, ಸುಮ್ನೆ ಹಾಕಿದರೆ ಪ್ರಯೋಜನ ಇಲ್ಲ. ಬಣ್ಣ ಬದಲಿಸುವ ನೀಲಿ ಮಣಿಯದ್ದು ತಂದರೆ ಗೊತ್ತಾಗುತ್ತದೆ, ನೀರು ಕುಡಿದಾಗ ಗುಲಾಬಿ ಆಗುತ್ತದೆ. ಅಡುಗೆಗೆ ಬಳಸದ ಹಳೆ ತವಾದಲ್ಲಿ ಮಣಿ ಸುರಿದು ಸಣ್ಣ ಉರಿಯಲ್ಲಿ ನೀಲಿ ಆಗುವ ತನಕ ಬಿಸಿ ಮಾಡಿ, ಪುನಃ ಬಳಸಿ. ಮಕ್ಕಳ ಕೈಗೆ ಸಿಗಬಾರದು, ಆ ನೀಲಿ ಬಣ್ಣ ವಿಷ. ಚಾಕ್ ತುಂಡು, ಅಕ್ಕಿ ಹಾಕುವುದು ನಮ್ಮ ಮಳೆಗಾಲಕ್ಕೆ ಸಾಕಾಗುವುದಿಲ್ಲ. ಕಪಾಟಿಗೆ ನುಸಿಗುಳಿಗೆ ಹಾಕುವವರು ಒಡವೆ ಡಬ್ಬಿಯಿಂದ ದೂರ ಇಡಿ.

ಮುತ್ತು, ಹವಳ ಮಾತ್ರ ಬೇರೆ. ಸಿಲಿಕಾ ಜೆಲ್ಲಿನ ಹತ್ತಿರ, ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ವರ್ಷಗಟ್ಟಲೆ ಇಟ್ಟರೆ ಮುತ್ತು ತೀರಾ ಒಣಗಿ ಬಿರುಕು ಬಿಡಬಹುದು. ತೊಳೆದ ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಬೇರೆ ಡಬ್ಬಿಯಲ್ಲಿಡಿ. ಸರವನ್ನು ನೇತುಹಾಕಬೇಡಿ, ದಾರ ಜಗ್ಗುತ್ತದೆ. ಆಗಾಗ ಹಾಕಿಕೊಳ್ಳುವುದು ಒಳ್ಳೆಯದು, ಹಾಕಿ ತೆಗೆದ ಮೇಲೆ ಒರೆಸುವುದಾದರೆ.

ಅಂಗಡಿಯವರು ಸುತ್ತಿಕೊಡುವ ಗುಲಾಬಿ ಕಾಗದದಲ್ಲೇ ಹಲವರು ಒಡವೆ ಇಟ್ಟುಬಿಡುತ್ತಾರೆ. ತೇವ ತಾಗಿದರೆ ಅದರ ಬಣ್ಣ ಬಿಡುತ್ತದೆ. ಚಿನ್ನಕ್ಕೆ ಹತ್ತಿದರೆ ತೊಳೆಯಬಹುದು, ಮುತ್ತಿಗೆ ಹತ್ತಿದರೆ ಕಷ್ಟ. ವೆಲ್ವೆಟ್ ಪೆಟ್ಟಿಗೆಯೂ ನಮ್ಮಲ್ಲಿ ಹೆಚ್ಚು ವರ್ಷ ಬಾಳುವುದಿಲ್ಲ. ಒಳಗಿನ ಸ್ಪಂಜು ತೇವಕ್ಕೆ ಪುಡಿಯಾಗಿ ಅಂಟುತ್ತದೆ. ಪೆಟ್ಟಿಗೆ ಉಡುಗೊರೆಗೆ ಚಂದ, ದಾಸ್ತಾನಿಗಲ್ಲ.

ಅಪರೂಪಕ್ಕೆ ಹಾಕುವುದನ್ನು ಬ್ಯಾಂಕ್ ಲಾಕರಿನಲ್ಲಿಡಿ. 1906ರಲ್ಲೇ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು ಹುಟ್ಟಿದ ಕರಾವಳಿ ನಮ್ಮದು, ಲಾಕರಿನ ಪಾಠ ಹೇಳಬೇಕಾಗಿಲ್ಲ. ಆದರೂ ಒಂದು ವಿಷಯ ಹಲವರಿಗೆ ಗೊತ್ತಿಲ್ಲ. ಒಳಗೆ ಏನಿದೆ ಎಂದು ಬ್ಯಾಂಕಿಗೆ ಲೆಕ್ಕ ಇರುವುದಿಲ್ಲ, ಅದು ವಿಮೆಯನ್ನೂ ಮಾಡಿಸುವುದಿಲ್ಲ. 2022ರ ಜನವರಿ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಬೆಂಕಿ, ಕಳ್ಳತನ, ಕಟ್ಟಡ ಕುಸಿತ, ನೌಕರರ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 2000 ರೂಪಾಯಿ ಆದರೆ 2 ಲಕ್ಷ. ಇವತ್ತಿನ ಚಿನ್ನದ ಬೆಲೆಯಲ್ಲಿ ಅದು ಎಷ್ಟು ಪವನಿಗೆ ಸಾಕು, ನೀವೇ ಲೆಕ್ಕ ಹಾಕಿ. ಒಡವೆಗಳ ಫೋಟೊ, ಬಿಲ್ಲು, ತೂಕ, ಎಚ್‌ಯುಐಡಿ ಬರೆದ ಪಟ್ಟಿ ಮನೆಯಲ್ಲಿರಲಿ. ದೊಡ್ಡ ಮೊತ್ತವಾದರೆ ಪ್ರತ್ಯೇಕ ವಿಮೆ ಮಾಡಿಸಿ. ಲಾಕರಿಗೂ ಸಿಲಿಕಾ ಜೆಲ್ ಬೇಕು, ಅಲ್ಲಿಯ ಗಾಳಿಯೂ ನಮ್ಮ ಊರಿನದೇ.

ವರ್ಷಕ್ಕೊಮ್ಮೆ ಎಲ್ಲವನ್ನೂ ತೆಗೆದು ನೋಡಲಿಕ್ಕೆ ಆಟಿಯೇ ಸರಿ. ಮದುವೆ ಮುಂಜಿ ಇಲ್ಲ, ಒಡವೆಗೂ ರಜೆ. ತೂಕ ಮಾಡಿಸಿ ಬಿಲ್ಲಿನ ತೂಕಕ್ಕೆ ಹೋಲಿಸಿ. ಪಾಲಿಷ್ ಮಾಡಿಸುವುದಾದರೆ ಮೊದಲು ತೂಕ, ಆಮೇಲೆ ತೂಕ, ಎರಡೂ ನಿಮ್ಮ ಕಣ್ಣೆದುರು. ಮನೆ ಬಾಗಿಲಿಗೆ ಬಂದು 'ಅಕ್ಕಾ, ಬಂಗಾರ ತೊಳೆದು ಕೊಡ್ತೇವೆ' ಎನ್ನುವವರಿಗೆ ಗೇಟು ತೆರೆಯಬೇಡಿ. ಅವರ ಡಬ್ಬಿಯಲ್ಲಿರುವುದು ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದ ದ್ರಾವಣ ಇರಬಹುದು. ಅದರಲ್ಲಿ ಚಿನ್ನ ಸಕ್ಕರೆಯ ಹಾಗೆ ಕರಗುತ್ತದೆ. ವಾಪಸ್ ಸಿಕ್ಕಿದ ಬಳೆ ಹೊಳೆಯುತ್ತದೆ, ಒಂದೆರಡು ಗ್ರಾಂ ಕಡಿಮೆ ಇರುತ್ತದೆ.

ಇನ್ನು ನಿಮ್ಮ ಅತ್ತೆಯ ಹವಳ. ಕೆಲಸ ಕಲಿಯುವ ಕಾಲದಲ್ಲಿ ಒಬ್ಬರ ಹವಳದ ಸರವನ್ನು ಬೇಗ ಚೊಕ್ಕ ಮಾಡಿ ಶಹಬ್ಬಾಸ್ ಅನಿಸಿಕೊಳ್ಳುವ ಎಂದು ಅಂಟುವಾಳದ ಬಿಸಿನೀರಿನಲ್ಲಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಹೊಳಪೆಲ್ಲ ಹೋಗಿ ಇಟ್ಟಿಗೆ ಚೂರಿನ ಹಾಗೆ ಆಗಿತ್ತು. ಅಂಟುವಾಳದ ನೀರು ಸ್ವಲ್ಪ ಹುಳಿ, ಹವಳ ಮುತ್ತಿನ ಹಾಗೆ ಸುಣ್ಣದ ವಸ್ತು. ನನ್ನ ಗುರುಗಳು ಬೈಯಲಿಲ್ಲ. ಮಣಿಗಳನ್ನು ಬಿಡಿಸಿ, ಒಂದೊಂದನ್ನೇ ನುಣುಪು ಪುಡಿ ಹಾಕಿದ ಚರ್ಮದ ಮೇಲೆ ಮೂರು ದಿನ ಉಜ್ಜಿಸಿದರು. ಒಳಗಿನ ಕೆಂಪು ಬಂತು, ಯಾಕೆಂದರೆ ಅದು ಅಸಲಿ ಹವಳ, ಒಳಗೂ ಅದೇ ಬಣ್ಣ. ಮಣಿಗಳು ಮಾತ್ರ ಕೂದಲೆಳೆಯಷ್ಟು ಸಣ್ಣಗಾದವು.

ನಿಮ್ಮದೂ ಅಸಲಿ ಆದರೆ ಇದೇ ದಾರಿ ಉಂಟು. ಬಣ್ಣ ಹಾಕಿದ ಹವಳವಾದರೆ ಉಜ್ಜಿದಷ್ಟೂ ಬಿಳಿ ಕಾಣುತ್ತದೆ. ಯಾವುದು ಎಂದು ನೋಡಲಿಕ್ಕೆ ಮಣಿಯ ತೂತಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ತೂತಿನ ಒಳಗೂ ಹೊರಗೂ ಒಂದೇ ಬಣ್ಣವಾದರೆ ಒಳ್ಳೆಯ ಲಕ್ಷಣ, ಅಂಚಿನಲ್ಲಿ ಬಣ್ಣ ಕಟ್ಟಿಕೊಂಡು ಒಳಗೆ ಬೆಳ್ಳಗಿದ್ದರೆ ಬಣ್ಣ ಹಾಕಿದ್ದು. ನೋಡುವಾಗ ದಾರವನ್ನೂ ಎಳೆದು ನೋಡಿ. ಮಣಿಗಳ ನಡುವೆ ದಾರ ಕಾಣುವಷ್ಟು ಜಗ್ಗಿದ್ದರೆ, ಬಣ್ಣದ ಚಿಂತೆ ಆಮೇಲೆ, ಮೊದಲು ರೇಷ್ಮೆ ದಾರದಲ್ಲಿ ಮಣಿ ಮಣಿಗೂ ಗಂಟು ಹಾಕಿಸಿ ಪೋಣಿಸಿಕೊಳ್ಳಿ.